ಅಶ್ವತ್ಥ ತಿದ್ದಿದ ಅಲಾರಂ

ಬುಧವಾರ ಬೆಳಿಗ್ಗೆ ಆರೂಕಾಲಿಗೆ ನನ್ನ ಪಾಮ್‌ಟಾಪ್, ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್, ಕೂಗಿತು. ಕಣ್ಣು ಬಿಡುವ ಮೊದಲೇ ಗೊತ್ತಾಯಿತು, ಇದು ನನ್ನ ಅಲಾರಂ ಅಲ್ಲ. ರಾಗವೇನೋ ಅದೇ. ಆದರೆ ನಡುವೆ ಒಂದು ಕಡೆ ಸ್ವರ ಜಾರಬೇಕಿತ್ತು, ಜಾರಲಿಲ್ಲ. ಸಂಗೀತ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನೆಟ್ಟಗೆ, ಶುದ್ಧವಾಗಿ ಹೋಗಿ ನಿಂತಿತು.

ಅಮ್ಮ ಹಾಗೆ ಗುನುಗುತ್ತಿರಲಿಲ್ಲ.

ಹಿಂದಿನ ದಿನ ಅದನ್ನು ಮುಟ್ಟಿದವನು ಒಬ್ಬನೇ, ಅಶ್ವತ್ಥ. ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಲಾರಿ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಎದುರಿನ ಸೀಟಿನವನು. ಬಸವನಗುಡಿಯವನು, ಹತ್ತು ವರ್ಷ ಹಾಡುಗಾರಿಕೆ ಕಲಿತವನು, ಒಂದು ವರ್ಷದಿಂದ ನಾನು ಕದ್ದು ಕದ್ದು ನೋಡುತ್ತಿದ್ದವನು. ಈ ಕೊನೆಯ ಮಾತನ್ನು ಆ ಬೆಳಿಗ್ಗೆ ಯಾರಾದರೂ ಎತ್ತಿದ್ದರೆ ಅವರನ್ನೂ ಸೇರಿಸಿ ಬೈಯುತ್ತಿದ್ದೆ.

ಪಾಮ್‌ಟಾಪನ್ನು ಕಂಪ್ಯೂಟರಿಗೆ ಜೋಡಿಸುವ ಸ್ಟ್ಯಾಂಡ್ ಇದ್ದದ್ದು ಅವನ ಮೇಜಿನ ಮೇಲೆ. ನಮ್ಮಿಬ್ಬರಿಗೂ ಅದೊಂದೇ. "ಸ್ವಲ್ಪ ಸಿಂಕ್ ಮಾಡಿಡಿ" ಎಂದು ಕೊಟ್ಟು ಮೀಟಿಂಗಿಗೆ ಹೋಗಿದ್ದೆ. ಸಿಂಕ್ ಮಾಡು ಎಂದರೆ ಕಂಪ್ಯೂಟರಿಗೆ ನಕಲು ಇಳಿಸಿಡು ಎಂದು, ಒಳಗೆ ಕೈ ಹಾಕು ಎಂದಲ್ಲ.

ಆ ರಾಗವನ್ನು ಎರಡು ತಿಂಗಳು ಕೂತು ಹಾಕಿದ್ದೆ. ಅಂಗೈಯಗಲದ ಸ್ಕ್ರೀನಿನಲ್ಲಿ ಹಾರ್ಮೋನಿಯಂ ಮನೆಗಳು ಮೂಡುತ್ತವೆ. ಅದರ ಜೊತೆ ಬಂದ ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ಒತ್ತಬೇಕು, ಪ್ರತಿ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳಬೇಕು. ಅಮ್ಮ ನನಗೆ ಜಡೆ ಹಾಕುವಾಗ ಗುನುಗುತ್ತಿದ್ದ ರಾಗ ಅದು. ಪದವಿಲ್ಲ, ಹೆಸರಿಲ್ಲ. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಕ್ಯಾಸೆಟ್ಟಿನಲ್ಲಿ ಹಿಡಿದಿಡಬೇಕೆಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆ ಜಾರುವ ಜಾಗ ಮಾತ್ರ ಯಂತ್ರದ ಯಾವ ಮನೆಗೂ ಸೇರದೆ ಎರಡರ ಮಧ್ಯೆ ಎಲ್ಲೋ ಇತ್ತು. ಕಣ್ಣು ಮಿಟುಕಿಸುವಷ್ಟು ಚಿಕ್ಕ ಎರಡು ಸ್ವರ ಪಕ್ಕಪಕ್ಕ ಇಟ್ಟು ಹೇಗೋ ಹಿಡಿದಿದ್ದೆ. ಯಾವ ಎರಡು ಎಂದು ಎಲ್ಲೂ ಬರೆದಿಡಲಿಲ್ಲ, ನನ್ನ ಬುದ್ಧಿಗಿಷ್ಟು.

ಟ್ರೈನಿನಲ್ಲಿ ಕೂತು ಮತ್ತೆ ಹಾಕಲು ನೋಡಿದೆ. ಅವನ ಶುದ್ಧ ಸ್ವರ ಕಿವಿಯಲ್ಲಿ ಠಿಕಾಣಿ ಹೂಡಿಬಿಟ್ಟಿತ್ತು. ಎಷ್ಟು ಕಣ್ಣು ಮುಚ್ಚಿದರೂ ಅಮ್ಮನದು ಬರಲೇ ಇಲ್ಲ.

ನಮ್ಮ ಆಫೀಸಿನಲ್ಲಿ ಯಾರೂ ದನಿ ಎತ್ತುವುದಿಲ್ಲ. ಜಗಳಕ್ಕೂ ರೂಮ್ ಬುಕ್ ಮಾಡಬೇಕು. ಒಂಬತ್ತಕ್ಕೆ ಎಲ್ಲರೂ ಫೀಕಾ ಎಂದು ಕಾಫಿಯ ಕಡೆ ಹೊರಡುವ ಹೊತ್ತಿಗೆ ಒಂದು ಮೀಟಿಂಗ್ ರೂಮನ್ನು ಅರ್ಧ ಗಂಟೆಗೆ ಹಿಡಿದೆ. ವಿಷಯದ ಜಾಗದಲ್ಲಿ 'ಅಲಾರಂ' ಎಂದು ಬರೆದು ಅವನಿಗೆ ಮೀಟಿಂಗಿನ ಕರೆ ಕಳಿಸಿದೆ.

ಎರಡು ದಾಲ್ಚಿನ್ನಿ ಬನ್ನು ಹಿಡಿದು, ಬಹುಮಾನ ತೆಗೆದುಕೊಳ್ಳಲು ಬಂದವನ ಹಾಗೆ ನಗುತ್ತಾ ಬಂದ.

"ಕೇಳಿದ್ರಾ?"

"ಯಾರು ಹೇಳಿದ್ರು ನಿಂಗೆ ಅದನ್ನ ಮುಟ್ಟೋಕೆ?"

ಒಂದು ವರ್ಷದಲ್ಲಿ ನಾನು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಬನ್ನುಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಎರಡು ಸ್ವರ ಎಕ್ಸ್‌ಟ್ರಾ ಇತ್ತು ಕುಮುದಾ. ಕಡ್ಡಿ ತಪ್ಪಿ ಒತ್ತಿಹೋಗಿದೆ ಅನ್ಕೊಂಡೆ. ಅದು ಮೋಹನ ರಾಗ ಅಲ್ವಾ, ಅದ್ರಲ್ಲಿ ಮಧ್ಯಮ ಬರಲ್ಲ."

"ನಮ್ಮಮ್ಮಂಗೆ ಬರ್ತಿತ್ತು. ನಿನ್ ಮೋಹನಕ್ಕಿಷ್ಟು ಬೆಂಕಿ ಹಾಕ."

"ನಿಮ್ಮಮ್ಮ..."

"ತಪ್ಪೋ ಸರಿನೋ, ಅವಳು ಗುನುಗ್ತಿದ್ದಿದ್ದೇ ಹಾಗೆ. ಅವಳ ದನಿ ಅಂತ ನನ್ನ ಹತ್ರ ಉಳಿದಿದ್ದು ಅದೊಂದೇ. ಅದನ್ನೂ ತಿದ್ದಿಟ್ಟೆ. ಸಿಂಕ್ ಬೇರೆ ಮಾಡ್ದೆ, ಬ್ಯಾಕಪ್ಪೂ ಹೋಯ್ತು. ಬೆಳಿಗ್ಗೆಯಿಂದ ನೆನಪು ಮಾಡ್ಕೊಳ್ತಿದೀನಿ, ನಿಂದೇ ಕೇಳ್ಸುತ್ತೆ, ಅವಳದು ಬರ್ತಿಲ್ಲ."

ಅವನ ಮುಖದ ಬಣ್ಣ ಇಳಿಯಿತು. ಸಾರಿ ಎನ್ನಲಿಲ್ಲ. ಅಂದಿದ್ದರೆ ಬನ್ನು ಎತ್ತಿ ಎಸೆಯುತ್ತಿದ್ದೆ.

"ನಂಗೆ ನೆನಪಿದೆ" ಎಂದ. "ಯಾವ ಮನೆ ಅಂತ ಗೊತ್ತಿಲ್ಲ, ಆದ್ರೆ ದನಿ ನೆನಪಿದೆ. ಕಿವಿಗೆ ಅಷ್ಟು ಚುಚ್ತಿತ್ತು."

ಈ ಮಾತಿಗೆ ಇನ್ನೊಂದು ಸುತ್ತು ಬೈಯಬಹುದಿತ್ತು. ಬದಲಿಗೆ ಪಾಮ್‌ಟಾಪ್ ಎತ್ತಿ ಕಡ್ಡಿ ಹಿಡಿದೆ, ಕೇಳಬೇಕಿತ್ತಲ್ಲ.

ಅವನು ಗುನುಗಿದ. ಆ ಜಾಗಕ್ಕೆ ಬಂದಾಗ ದನಿ ಜಾರದೆ ತಾನಾಗಿಯೇ ಸರಿಹೋಯಿತು. ಮತ್ತೆ ಗುನುಗಿದ, ಮತ್ತೆ ಸರಿಹೋಯಿತು. ನಾಲ್ಕನೇ ಸಲಕ್ಕೆ ಅವನ ಕಿವಿ ಕೆಂಪಾಗಿತ್ತು.

"ಗಂಟಲು ಅಲ್ಲಿಗೆ ಹೋಗ್ತಾನೇ ಇಲ್ಲ. ಮೇಷ್ಟ್ರು ಹೊಡೆದು ಹೊಡೆದು ಬಿಡಿಸಿದಾರೆ. ನಿಮ್ಮಮ್ಮ ಹೇಗೆ ನಿಂತಿರ್ತಿದ್ರು, ಏನ್ ಮಾಡ್ತಿದ್ರು, ಹೇಳಿ."

"ಹಿಂದೆ ನಿಂತಿರ್ತಿದ್ಲು. ಎರಡೂ ಕೈಲಿ ಜಡೆ. ಹೇರ್‌ಪಿನ್ನು ಹಲ್ಲಲ್ಲಿ ಕಚ್ಕೊಂಡಿರ್ತಿದ್ಲು" ಎಂದೆ. ಇಷ್ಟು ವರ್ಷದಲ್ಲಿ ಆ ಪಿನ್ನನ್ನು ಆ ಸ್ವರದ ಜೊತೆ ಸೇರಿಸಿ ನಾನು ಯೋಚಿಸಿಯೇ ಇರಲಿಲ್ಲ.

ಅವನು ಜೇಬಿನಿಂದ ಪೆನ್ನು ತೆಗೆದು ಹಲ್ಲಿನ ನಡುವೆ ಕಚ್ಚಿಕೊಂಡ. ಕಣ್ಣು ಮುಚ್ಚಿ ಗುನುಗಿದ. ಆ ಜಾಗ ಬಂದಾಗ, ಜಡೆಗೆ ಸಿಕ್ಕಿಸಲು ಪಿನ್ನು ತೆಗೆಯುವವರ ಹಾಗೆ, ಪೆನ್ನನ್ನು ಬಾಯಿಂದ ಎಳೆದ. ಸ್ವರ ಜಾರಿತು.

ನಾನು ಅತ್ತೆ. ಕೋಪ ಬಂದರೂ ಅಳುವವಳು ನಾನು, ಯಾವ ಅಳು ಇದು ಎಂದು ಅವನಿಗೆ ತಿಳಿದಿರಲಿಕ್ಕಿಲ್ಲ. "ಇನ್ನೊಂದ್ಸಲ" ಎಂದೆ. ಅವನು ಪೆನ್ನು ಕಚ್ಚುತ್ತಾ ಎಳೆಯುತ್ತಾ ಗುನುಗುತ್ತಲೇ ಹೋದ, ನಾನು ಕಡ್ಡಿ ಹಿಡಿದು ಒತ್ತುತ್ತಾ ಹೋದೆ. ಗಾಜಿನ ಬಾಗಿಲಾಚೆ ಮುಂದಿನ ಮೀಟಿಂಗಿನವರು ಬಂದರು, ನೋಡಿದರು, ಏನೂ ಕಾಣದವರಂತೆ ಬೆನ್ನು ತಿರುಗಿಸಿ ನಿಂತರು. ಒಂಬತ್ತನೇ ಸಲಕ್ಕೆ ಯಂತ್ರದಿಂದ ಅಮ್ಮ ಬಂದಳು.

"ಯಾಕೆ ತಿದ್ದಿದೆ?" ಎಂದೆ, ಕಣ್ಣು ಒರೆಸಿಕೊಂಡು.

"ಬೆಳಿಗ್ಗೆ ಎದ್ದ ತಕ್ಷಣ ನಾನು ಮಾಡಿದ್ದು ಏನಾದ್ರೂ ನಿಮ್ ಕಿವಿಗೆ ಬೀಳ್ಲಿ ಅಂತ. ಒಂದ್ ವರ್ಷದಿಂದ ಹೇಳೋಕೆ ನೋಡ್ತಿದೀನಿ, ಬಾಯಿ ಬರಲ್ಲ."

"ಬಾಯಿ ಬರಲ್ಲ, ಕೈ ಮಾತ್ರ ಚೆನ್ನಾಗಿ ಬರುತ್ತೆ. ನನ್ನ ಕೇಳ್ಬೇಕಿತ್ತು."

"ಕೇಳ್ಬೇಕಿತ್ತು."

ಇಂಥ ಮಾತನ್ನು ಇಂಥ ದಿನವೇ ಹೇಳಬೇಕೇ ಎಂದು ಅದಕ್ಕೂ ಸಿಟ್ಟು ಬಂತು. ಅವನ ಕೈ ಮೇಜಿನ ಮೇಲೆ ಹರಿದು ಬಂದು, ನನ್ನ ಬೆರಳಿಗೆ ಒಂದಿಂಚು ದೂರದಲ್ಲಿ ನಿಂತಿತು. ಅಲ್ಲಿಂದ ಮುಂದೆ ಬರಲಿಲ್ಲ.

"ಹಿಡ್ಕೋಬಹುದಾ?" ಎಂದ.

"ನಂಗೆ ಕೋಪ ಇಳಿದಿಲ್ಲ."

"ಗೊತ್ತು."

"ಇವತ್ತು ಇಳಿಯಲ್ಲ. ನಾಳೇನೂ ಇಳಿಯಲ್ಲ."

"ಸರಿ."

ಕೈ ಅಲ್ಲೇ ಇತ್ತು, ಕಾಯುತ್ತಿತ್ತು.

"ಹಿಡ್ಕೋ" ಎಂದೆ.