ಕೆನ್ನೆ ಮೇಲಿನ ಪೈಪ್‌ಲೈನ್

"ಏಳು ಊರಲ್ಲಿ ಇದ್ದೆ ಮಿಸ್," ಅಂದಳು ಹೊಸ ಹುಡುಗಿ. "ಎಲ್ಲದರ ಮ್ಯಾಪೂ ತಂದಿದೀನಿ."

ಅವಳು ಮ್ಯಾಪ್‌ಗಳನ್ನು ಒಂದೊಂದಾಗಿ ಡೆಸ್ಕ್ ಮೇಲೆ ಹರಡಿದಳು. ಒಂದರಲ್ಲಿ ಸಮುದ್ರ, ಒಂದರಲ್ಲಿ ಬೆಟ್ಟ, ಇನ್ನೊಂದರಲ್ಲಿ ಬರೀ ರೈಲುಹಳಿಗಳ ಗೋಜಲು. ಇಡೀ ಕ್ಲಾಸು ಅಲ್ಲಿಗೆ ಮುತ್ತಿತು. ಡ್ರಾಯಿಂಗ್ ಮಿಸ್ ಕೂಡ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

ಕಡ್ಡಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಹೋದ ವಾರದವರೆಗೂ ಮಿಸ್ ಮೊದಲು ನೋಡುತ್ತಿದ್ದದ್ದು ಅವಳ ಚಿತ್ರವನ್ನೇ. ಈ ಹುಡುಗಿ ಬಂದದ್ದೇ ಬಂದದ್ದು, ಕಡ್ಡಿ ಯಾರ ಕಣ್ಣಿಗೂ ಬೀಳುತ್ತಿಲ್ಲ. ಸಣಕಲಿ ಅಂತಲೇ ಕಡ್ಡಿ ಅನ್ನೋ ಹೆಸರು ಬಂದಿದ್ದು ನಿಜ, ಆದರೂ ಕಾಣದೇ ಹೋಗುವಷ್ಟೇನೂ ಸಣ್ಣ ಇರಲಿಲ್ಲ.

ಮಿಸ್ ಕೊಟ್ಟ ಕೆಲಸ ಇಷ್ಟೇ. ದಪ್ಪ ಕಾಗದದ ಮೇಲೆ ನಿಮ್ಮ ಮುಖ ಬರೆಯಿರಿ. ನೀವು ಇದ್ದ ಊರುಗಳ ಹಳೇ ಮ್ಯಾಪ್ ಕತ್ತರಿಸಿ ಅದರೊಳಗೆ ಅಂಟಿಸಿ. ಎಲ್ಲಿಯವರು ಅಂತ ಮುಖವೇ ಹೇಳಬೇಕು.

ಕಡ್ಡಿ ಹುಟ್ಟಿದ್ದು, ಬೆಳೆದದ್ದು ಎಲ್ಲ ಒಂದೇ ಬೀದಿಯಲ್ಲಿ. ಅವಳಿಗೆ ಸಿಕ್ಕಿದ್ದು ಒಂದೇ ಮ್ಯಾಪ್, ಅದೂ ಅಪ್ಪನದು. ಅಪ್ಪ ಊರಿಗೆಲ್ಲ ನೀರು ಬಿಡುವ ವಾಟರ್‌ಮ್ಯಾನ್. ಆಫೀಸಿನವರು ಹೊಸ ಮ್ಯಾಪ್ ಕೊಟ್ಟಿದ್ದರಲ್ಲ, ಬೀರು ಮೇಲಿದ್ದ ಹಳೇದು ಕಸ ಅಂದುಕೊಂಡು ಅವಳು ಕೇಳದೇ ಎತ್ತಿಕೊಂಡು ಬಂದಿದ್ದಳು. ಅದರ ತುಂಬ ನೀಲಿ ಗೆರೆಗಳು, ಪಕ್ಕದಲ್ಲಿ ಅಪ್ಪನ ಪೆನ್ಸಿಲ್ ಗೀಚು.

"ಏನೇ ಇದು, ಇಷ್ಟೊಂದು ನೀಲಿ?" ಪಕ್ಕದ ಹುಡುಗ ಕೇಳಿದ.

"ನದಿಗಳು. ಹದಿನೆಂಟಿವೆ," ಅಂದಳು ಕಡ್ಡಿ.

ಹೊಸ ಹುಡುಗಿ ಬಂದು ನೋಡಿದಳು. "ನದಿ ಹೀಗೆ ಸ್ಕೇಲ್ ಇಟ್ಟಂಗೆ ಹರಿಯಲ್ಲ. ಇವು ನೀರಿನ ಪೈಪು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊಸ ಹುಡುಗಿ ನಗಲಿಲ್ಲ. "ಇದ್ರಲ್ಲಿ ಟ್ಯಾಂಕ್ ಹಿಂದಿನ ಬೀದಿ ಇದ್ಯಾ? ನಮ್ಮನೆ ಅಲ್ಲೇ."

"ಇಲ್ಲ," ಅಂದಳು ಕಡ್ಡಿ.

ಇತ್ತು. ಅವಳು ಅತ್ತ ಹೋದಮೇಲೆ ಕಡ್ಡಿ ಆ ಬೀದಿಯನ್ನು ಹುಡುಕಿ ಕತ್ತರಿಸಿ, ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದಳು. ನನ್ನ ಮುಖದಲ್ಲಿ ಇವಳಿಗ್ಯಾಕೆ ಜಾಗ ಅಂದುಕೊಂಡಳು. ಉಳಿದದ್ದನ್ನೆಲ್ಲ ಅಂಟಿಸಿದಳು.

ಊಟದ ಬೆಲ್ ಆಗುವ ಹೊತ್ತಿಗೆ ಬಾಗಿಲಲ್ಲಿ ಅಪ್ಪ ನಿಂತಿದ್ದ. ಪ್ಯಾಂಟೆಲ್ಲ ಕೆಸರು.

"ಒಂದ್ನಿಮಿಷ ಮೇಡಂ. ಕಡ್ಡಿ, ಬೀರು ಮೇಲಿನ ಮ್ಯಾಪ್ ನೀನು ತಂದ್ಯಾ?"

"ಅದು ಹಳೇದಲ್ವಾ ಅಪ್ಪ?"

"ಹಳೇದೇ. ಆದ್ರೆ ನೀರು ನಿಲ್ಲಿಸೋ ವಾಲ್ವ್ ಎಲ್ಲೆಲ್ಲಿದೆ ಅಂತ ನಾನು ಗುರುತು ಹಾಕಿರೋದು ಅದ್ರಲ್ಲೇ. ಟ್ಯಾಂಕ್ ಹಿಂದಿನ ಬೀದೀಲಿ ಪೈಪ್ ಒಡೆದಿದೆ. ವಾಲ್ವ್ ಮೇಲೆ ಟಾರ್ ಹಾಕಿ ಮುಚ್ಚಿಬಿಟ್ಟಿದಾರೆ. ನೀರು ಮನೆ ಬಾಗಿಲಿಗೆ ಬಂದಿದೆ."

ಹೊಸ ಹುಡುಗಿ ತಟ್ಟನೆ ಎದ್ದಳು. "ಹಸಿರು ಗೇಟಿನ ಮನೆಗೂ ಬಂತಾ ಅಂಕಲ್? ನಾವು ಇನ್ನೂ ಬಾಕ್ಸ್ ಬಿಚ್ಚಿಲ್ಲ. ಎಲ್ಲಾ ನೆಲದ ಮೇಲೇ ಇದೆ."

ಅಪ್ಪ ಕಡ್ಡಿಯ ಕಾಗದದ ಮುಖದ ಮೇಲೆ ಬೆರಳಾಡಿಸಿದ. "ಹಣೆ ನಮ್ಮ ಬೀದಿ. ಮೂಗು ಮಾರ್ಕೆಟ್ಟು. ಕೆನ್ನೆ ಮೇಲೆ ಸ್ಕೂಲ್ ಲೈನು. ಟ್ಯಾಂಕ್ ಎಲ್ಲೇ?"

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸ ಹುಡುಗಿಯ ತುಟಿ ನಡುಗುತ್ತಿದ್ದದ್ದು ಕಾಣಿಸಿತು. ಕಡ್ಡಿ ಸೀದಾ ಹೋಗಿ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಪೆನ್ಸಿಲ್ ಸಿಪ್ಪೆ, ಕಾಗದದ ಚೂರುಗಳ ನಡುವೆ ಆ ಮುದ್ದೆ ಸಿಕ್ಕಿತು.

ಅಪ್ಪ ಅದನ್ನು ಬಿಡಿಸಿ ಓದಿದ. "ಲೈಟುಕಂಬದಿಂದ ಒಂಬತ್ತು ಹೆಜ್ಜೆ." ಮಗಳನ್ನು ಒಂದು ಸಲ ನೋಡಿದ. ಬೈಯಲೂ ಪುರುಸೊತ್ತಿಲ್ಲದೆ ಓಡಿದ.

"ಇಲ್ಲ ಅಂದಿದ್ದೆ," ಅಂದಳು ಹೊಸ ಹುಡುಗಿ.

"ಸುಳ್ಳು ಹೇಳಿದ್ದೆ," ಅಂದಳು ಕಡ್ಡಿ.

ಸ್ಕೂಲ್ ಬಿಟ್ಟಮೇಲೆ ಇಬ್ಬರೂ ಆ ಬೀದಿಗೆ ಓಡಿದರು. ವಾಲ್ವ್ ಸಿಕ್ಕಿತ್ತು. ನೀರು ಹಸಿರು ಗೇಟು ದಾಟಿ ಮೆಟ್ಟಿಲ ತನಕ ಬಂದು ನಿಂತುಹೋಗಿತ್ತು. ಅಪ್ಪ ಮೆಟ್ಟಿಲ ಮೇಲೆ ಕೂತು ಸುಕ್ಕಾದ ಚೂರನ್ನು ತೊಡೆ ಮೇಲೆ ಸವರುತ್ತಿದ್ದ.

"ಬಾಮ್ಮ. ನಿಮ್ಮನೇನೂ ಇದ್ರಲ್ಲಿ ಗುರುತು ಹಾಕ್ಕೋತೀನಿ. ಎಷ್ಟು ಜನ?"

"ಇಬ್ರು. ನಾನು, ಅಮ್ಮ." ಅವಳು ಬಗ್ಗಿ ನೋಡಿದಳು. "ನಮ್ಮನೆ ಇರೋ ಮ್ಯಾಪ್ ನಾನು ನೋಡೇ ಇಲ್ಲ. ನನ್ನ ಹತ್ರ ಇರೋದ್ರಲ್ಲಿ ಬರೀ ಊರಿನ ಹೆಸರು." ಅಪ್ಪ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದ. "ಪೆನ್ಸಿಲ್ಲಲ್ಲಿ ಯಾಕೆ ಅಂಕಲ್?" ಅಂದಳು ಅವಳು.

"ಮನೆ ಬಿಟ್ಟು ಹೋದ್ರೆ ಅಳಿಸ್ಬೇಕಲ್ಲ."

ಎಲ್ಲದಕ್ಕೂ ಪಟಪಟ ಉತ್ತರ ಕೊಡುವ ಹುಡುಗಿ ತನ್ನ ಶೂ ನೋಡುತ್ತಾ ನಿಂತಳು. ಏಳು ಊರು ಅಂದರೆ ಏಳು ಸಲ ಬಾಕ್ಸ್ ಕಟ್ಟಿದ್ದು ಅಂತ ಕಡ್ಡಿಗೆ ಆಗ ಹೊಳೆಯಿತು.

ಕಡ್ಡಿ ಬ್ಯಾಗ್ ತೆರೆದು ಪೆನ್ನು ಹುಡುಕಿ ಅಪ್ಪನ ಕೈಗೆ ಕೊಟ್ಟಳು.

"ಇದ್ರಲ್ಲಿ ಬರಿ ಅಪ್ಪ," ಅಂದಳು. "ದಪ್ಪಗೆ."