ದೊಡ್ಡಮ್ಮನ ಪಥ್ಯ

ಅಪ್ಪ ಗೆಣಸು ಹೆಚ್ಚುತ್ತಿದ್ದ. ಮಗಳು ಇರುವೆ ಹೆಚ್ಚಿದ್ದನ್ನು ತಕ್ಕಡಿಗೆ ಹಾಕುತ್ತಿದ್ದಳು. ಒಂದು ಕಡೆ ಕೂರುವ ಹುಡುಗಿಯಲ್ಲ, ಅದಕ್ಕೇ ಮೃಗಾಲಯದವರು ಅವಳಿಗೆ ಆ ಹೆಸರಿಟ್ಟಿದ್ದರು. ಇವತ್ತಂತೂ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಕ್ಕಡಿಗೂ ಬಾಗಿಲಿಗೂ ಸುತ್ತುತ್ತಿದ್ದಳು.

ಬಾಗಿಲಾಚೆ ಕಂಬಿಗಳ ಹಿಂದೆ ದೊಡ್ಡಮ್ಮ ನಿಂತಿದ್ದಳು. ಅಪ್ಪ ನೋಡಿಕೊಳ್ಳುವ ಬಸುರಿ ಆನೆ. ಆನೆಮರಿ ಹೊಟ್ಟೆಯಲ್ಲಿರುವುದು ಹತ್ತಿರಹತ್ತಿರ ಎರಡು ವರ್ಷ. ದೊಡ್ಡಮ್ಮನಿಗೆ ಇನ್ನು ಕೆಲವೇ ವಾರ ಬಾಕಿ.

ಸ್ವಲ್ಪ ಹೊತ್ತಿನ ಮುಂಚೆ ಡಾಕ್ಟರಮ್ಮ ಅವಳ ತೂಕ ನೋಡಿ ಅಪ್ಪನಿಗೆ ಚೆನ್ನಾಗಿ ಬಿಸಿ ಮುಟ್ಟಿಸಿದ್ದರು. ಪಥ್ಯ ಹಾಕಿದರೂ ತೂಕ ಏರುತ್ತಲೇ ಇದೆ, ಮರಿ ಮಿತಿಮೀರಿ ಬೆಳೆದರೆ ಹೆರಿಗೆ ಕಷ್ಟವಾಗುತ್ತದೆ, ತಾಯಿ ಮರಿ ಇಬ್ಬರೂ ಉಳಿಯಲಿಕ್ಕಿಲ್ಲ ಎಂದಿದ್ದರು. ಅಪ್ಪನೇ ಕದ್ದು ತಿನ್ನಿಸುತ್ತಿದ್ದಾನೆ ಎಂಬುದು ಅವರ ಅನುಮಾನ. ಇನ್ನೊಮ್ಮೆ ಹೀಗಾದರೆ ಅವನನ್ನು ಜಿಂಕೆಗಳ ಕಡೆಗೆ ಹಾಕುತ್ತಾರಂತೆ. ಸ್ಕೂಲಿಂದ ಬಂದ ಇರುವೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಅಮ್ಮನ ಹೊಟ್ಟೆಯಲ್ಲಿ ತಮ್ಮ ಇದ್ದಾಗ, ಇಬ್ಬರಿಗಾಗುವಷ್ಟು ತಿನ್ನು ಎಂದು ಅಜ್ಜಿ ಅಮ್ಮನ ಬೆನ್ನು ಬಿಡುತ್ತಿರಲಿಲ್ಲ. ದೊಡ್ಡಮ್ಮನಿಗೆ ಅಜ್ಜಿ ಎಲ್ಲಿಂದ ಬರಬೇಕು? ಅದಕ್ಕೇ ಬೇಕರಿಯವನು ಕೊಡುವ ಹಳೇ ಬನ್ನು, ಗೆಳತಿಯರು ಟಿಫಿನ್ ಬಾಕ್ಸಲ್ಲಿ ಬಿಟ್ಟಿದ್ದು, ಎಲ್ಲವೂ ಕಂಬಿಯ ಸಂದಿಯಲ್ಲಿ ಸೊಂಡಿಲು ಸೇರುತ್ತಿತ್ತು.

"ಅಪ್ಪಾ, ಕೊಡ್ತಿದ್ದಿದ್ದು ನಾನು," ಎಂದಳು. "ಬನ್ನು. ದಿನಾ ಒಂದು ಚೀಲ."

ಚಾಕು ನಿಂತಿತು. ಅಪ್ಪ ಅದನ್ನು ಕೆಳಗಿಟ್ಟ.

"ಅವಳು ಸೊಂಡಿಲು ಚಾಚಿದ್ರೆ ನಂಗೂ ಕರುಳು ಚುರ್ ಅನ್ನುತ್ತೆ ಕಣೇ," ಎಂದ. "ಆದ್ರೂ ಕೊಡಲ್ಲ."

ಡಾಕ್ಟರಮ್ಮನಿಗೆ ನಾಳೆ ನೀನೇ ಹೇಳಬೇಕು ಎಂದ. ಈಗ ದೊಡ್ಡಮ್ಮನನ್ನು ಬೇಲಿಯುದ್ದಕ್ಕೂ ನಡೆಸು, ನಡೆದಷ್ಟೂ ಹೆರಿಗೆ ಹಗುರ ಎಂದ.

ಇರುವೆ ಬೇಲಿಯ ಈಚೆ ಹೊರಟಳು. ದೊಡ್ಡಮ್ಮ ಆಚೆಯಿಂದ ಭಾರವಾಗಿ ಹೆಜ್ಜೆಯಿಟ್ಟಳು. ನಾಲ್ಕು ಹೆಜ್ಜೆಗೆ ನಿಂತು, ಕಂಬಿಯ ಸಂದಿಯಿಂದ ಸೊಂಡಿಲು ತೂರಿಸಿ, ಇರುವೆಯ ಜೇಬು ತಡವಿದಳು, ಸ್ಕೂಲ್ ಬ್ಯಾಗ್ ಮೂಸಿದಳು, ಕೆನ್ನೆಯ ಮೇಲೆ ಬೆಚ್ಚಗೆ ಉಸಿರು ಬಿಟ್ಟಳು. ಅಷ್ಟು ದೊಡ್ಡ ಹೊಟ್ಟೆ ಒಂದು ಕಡೆಯಲ್ಲಿ ಮೆಲ್ಲಗೆ ಉಬ್ಬಿ ಇಳಿಯಿತು. ಒಳಗೆ ಮರಿ ಹೊರಳಿತ್ತು.

ಬ್ಯಾಗಿನಲ್ಲಿ ಇವತ್ತಿನ ಬನ್ನು ಇನ್ನೂ ಇತ್ತು. ಇರುವೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನನ್ನನ್ನ ಕೇಳ್ಬೇಡ ದೊಡ್ಡಮ್ಮಾ. ನಡಿ, ಹೋಗೋಣ."

ಸೊಂಡಿಲು ಹಾಗೆಯೇ ಚಾಚಿಕೊಂಡಿತ್ತು.