ಓಪನಿಂಗ್ ದಾಟದ ಆಟ

ಜಾಬಾನಿಗೆ ಸೋತ ದಿನ ನಾನು ಕೈಕುಲುಕಿ ಸೀದಾ ಎದ್ದು ಬಂದಿದ್ದೆ. ನಮ್ಮೂರು ಕುತಾಯಿಸಿಯ ಚೆಸ್ ಕ್ಲಬ್ಬಿನಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಗೆದ್ದವರೂ ಸೋತವರೂ ಒಟ್ಟಿಗೆ ಕೂತು, ಬರೆದಿಟ್ಟ ನಡೆಗಳನ್ನು ಮೊದಲಿಂದ ಆಡಿ ನೋಡಬೇಕು. ನನಗೋ ಸೋಲೆಂದರೆ ಮೈಯೆಲ್ಲ ಉರಿ.

ಮರುದಿನ ಅವನೇ ಬಾಗಿಲಿಗೆ ಬಂದ. "ಇರ್ಮಾ, ಆಟ ನೋಡೋದು ಬಾಕಿ ಇದೆ" ಅಂದ. ಕೈಯಲ್ಲಿ ಚೀಸ್ ತುಂಬಿದ ಬಿಸಿ ರೊಟ್ಟಿ, ಖಾಚಾಪುರಿ ಬೇರೆ, ಕಳ್ಳ. ಅಜ್ಜಿ ಒಳಗೆ ಕರೆದೇಬಿಟ್ಟಳು.

ಅಂದಿನಿಂದ ಪ್ರತಿ ಭಾನುವಾರ ದ್ರಾಕ್ಷಿ ಚಪ್ಪರದ ಕೆಳಗೆ ಅದೇ ಆಟ. ಶುರುವಿನಲ್ಲೇ ಅವನು ರಾಜನ ಪಕ್ಕದ ಕಾಲಾಳನ್ನು ಬಿಟ್ಟುಕೊಟ್ಟಿದ್ದ. ನಾನದನ್ನು ಹೊಡೆಯಬೇಕಿತ್ತೇ, ಬೇಡವೇ? ಇದೊಂದು ಪ್ರಶ್ನೆಗೇ ಮಧ್ಯಾಹ್ನ ಕಳೆಯುತ್ತಿತ್ತು. ನಾನು ಕುದುರೆ ಎತ್ತಿದರೆ ಅವನು ನನ್ನ ಬೆರಳು ನೋಡುವನು. ತಲೆ ಎತ್ತಿದರೆ ಥಟ್ಟನೆ ಬೋರ್ಡು ನೋಡುವನು. ಎಲೆಸಂದಿನ ಬಿಸಿಲು ಅವನ ರೆಪ್ಪೆಯ ಮೇಲೆ ಆಡುತ್ತಿದ್ದರೆ, ಯಾರ ಸರದಿ ಎಂಬುದೇ ನನಗೆ ಮರೆತುಹೋಗುತ್ತಿತ್ತು. ಇಬ್ಬರೂ ಓಪನಿಂಗಿನ ಆ ಮೊದಲ ನಡೆಗಳನ್ನು ದಾಟುತ್ತಿರಲಿಲ್ಲ. ಇಷ್ಟು ಹೊತ್ತಿಗೆ ನಿಜವಾದ ಯುದ್ಧವೇ ಮುಗೀತಿತ್ತು ಎಂದು ಅಜ್ಜಿ ಗೊಣಗುತ್ತಿದ್ದಳು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವನಿಗೆ ದೂರದ ಕಡಲೂರು ಬಾತುಮಿಯ ಶಾಲೆಯೊಂದರಲ್ಲಿ ಚೆಸ್ ಕಲಿಸುವ ಕೆಲಸ ಸಿಕ್ಕಿತು. ನಾಳೆಯೇ ಹೊರಡಬೇಕು, ಇವತ್ತು ಆಟ ಪೂರ್ತಿ ನೋಡಿಬಿಡೋಣ ಎಂದ. ಆಟ ಮುಗಿದರೆ ಇವನು ಬರಲು ಇನ್ನೇನು ನೆಪ ಉಳಿಯಿತು?

ಸರಸರನೆ ಕಾಯಿ ನಡೆಸಿ, ನಾನು ಸೋಲೊಪ್ಪಿದ ಜಾಗಕ್ಕೆ ಬಂದೆವು. ಅವನು ತಲೆ ತಗ್ಗಿಸಿದ.

"ಬೈಬೇಡ. ಇಲ್ಲಿ ನೀನು ಸೋತೇ ಇರ್ಲಿಲ್ಲ. ರಾಣಿಯಿಂದ ಚೆಕ್ ಕೊಡ್ತಾನೇ ಇದ್ದಿದ್ರೆ ಡ್ರಾ ಆಗ್ತಿತ್ತು. ನಂಗೆ ಅವತ್ತೇ ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಲ್ಲಿಗೆ ಮುಗೀತು ಅಂತ ನೀನು ಬಾಗ್ಲು ಹಾಕ್ಕೋತಿದ್ದೆ."

ನನಗೆ ನಗು ಬಂತು, ಕಣ್ಣೂ ತುಂಬಿತು. ಆ ಚೆಕ್ ನನಗೂ ಅವತ್ತೇ, ಮನೆಗೆ ಬರುತ್ತ ರಿಯೋನಿ ಹೊಳೆಯ ಸೇತುವೆ ದಾಟುವಾಗಲೇ ಹೊಳೆದಿತ್ತು.

"ನಂಗೂ ಗೊತ್ತಿತ್ತು ಕಣೋ ಪೆದ್ದ. ನೀನು ಬರೋದು ನಿಲ್ಲಿಸ್ತೀಯ ಅಂತ ಬಾಯ್ಬಿಡ್ಲಿಲ್ಲ."

ಅವನು ನೋಡಿದ. ಈ ಸಲ ದೃಷ್ಟಿ ತಪ್ಪಿಸಲಿಲ್ಲ. ನನ್ನ ಕೈ ಹಿಡಿದು, ಬಾತುಮಿಗೆ ಜೊತೆಗೆ ಬರ್ತೀಯಾ ಎಂದು ಕೇಳಿದ.

"ನಂದು ಹೂಂ," ಅಂದೆ. "ಹೋಗಿ ಅಜ್ಜೀನ ಕೇಳು."

ಬೋರ್ಡಿನ ಮುಂದೆ ಎಂದೂ ಬೆವರದ ಜಾಬಾ, ನಮ್ಮ ಅಡುಗೆಮನೆಯ ಹೊಸಿಲಲ್ಲಿ ನಿಂತು ಹಣೆ ಒರೆಸಿಕೊಂಡ.